ಆರು ಜನ ಆಡಿದರೆ ಐದು ಜನರ ಲೆಕ್ಕ



ಈ ಸಲ ನಮ್ಮೂರಲ್ಲಿ ಯಾರೂ ಆಡದ ಒಂದು ಆಟದ ಬಗ್ಗೆ ತಿಳಿದುಕೊಳ್ಳೋಣ. ಅದು ಹುಡುಗಿಯರ ಜಿಮ್ನಾಸ್ಟಿಕ್ಸ್. ಅದರಲ್ಲೂ ಕಾಲೇಜು ಹುಡುಗಿಯರ ರಾಷ್ಟ್ರೀಯ ಚಾಂಪಿಯನ್‌ಶಿಪ್.

ಯಾರೂ ಆಡಲ್ಲ ಅಂದೆನಲ್ಲ, ಅದು ಪೂರ್ತಿ ನಿಜ ಅಲ್ಲ. ತೆಂಗಿನ ನಾರಿನ ರಾಶಿ ಕಂಡರೆ ನಾವು ಲಾಗ ಹಾಕದೆ ಬಿಡ್ತೀವಾ? ತೋಟಕ್ಕೆ ಬುತ್ತಿ ಕೊಡಲು ಹೋಗುವಾಗ ಹಳ್ಳಕ್ಕೆ ಅಡ್ಡ ಹಾಕಿರುವ ತೆಂಗಿನ ಮರದ ಮೇಲೆ ಎರಡೂ ಕೈ ಚಾಚಿಕೊಂಡು ದಾಟುತ್ತೇವೆ. ಜಿಮ್ನಾಸ್ಟಿಕ್ಸ್‌ನಲ್ಲೂ ಅಂಥದ್ದೇ ಒಂದು ತೊಲೆ ಇದೆ. ಉದ್ದ 5 ಮೀಟರ್, ನೆಲದಿಂದ ಎತ್ತರ 1.25 ಮೀಟರ್, ಅಗಲ ಬರೀ 10 ಸೆಂ.ಮೀ. ನಿಮ್ಮ ಕಂಪಾಸ್ ಬಾಕ್ಸ್‌ನ ಸ್ಕೇಲ್ ತೆಗೆದು 10 ಸೆಂ.ಮೀ. ನೋಡಿ. ಒಂದು ಅಂಗೈಯಷ್ಟೂ ಬರಲ್ಲ! ಅದರ ಮೇಲೆ ಅವರು ನಡೆಯುವುದಷ್ಟೇ ಅಲ್ಲ, ಹಿಂದಕ್ಕೆ ಲಾಗ ಹಾಕಿ ಮತ್ತೆ ಅದೇ ತೊಲೆ ಮೇಲೆ ಕಾಲೂರುತ್ತಾರೆ. ನಮ್ಮ ತೆಂಗಿನ ಮರವೇ ವಾಸಿ.

ಹುಡುಗಿಯರಿಗೆ ಒಟ್ಟು ನಾಲ್ಕು ವಿಭಾಗ. ಓಡಿ ಬಂದು ಮೇಜಿನಂಥ ಸಾಧನದ ಮೇಲೆ ಕೈಯೂರಿ ಹಾರುವ ವಾಲ್ಟ್, ಒಂದು ಎತ್ತರ ಒಂದು ತಗ್ಗು ಇರುವ ಎರಡು ಕಂಬಿ, ಈ ತೊಲೆ, ಆಮೇಲೆ ಹಾಡಿಗೆ ತಕ್ಕಂತೆ ನೆಲದ ಮೇಲೆ ಮಾಡುವ ಕಸರತ್ತು.

ಕಾಲೇಜು ಜಿಮ್ನಾಸ್ಟಿಕ್ಸ್ ದೊಡ್ಡದಾಗಿ ಬೆಳೆದಿರುವುದು ಅಮೆರಿಕದಲ್ಲಿ. ಅಲ್ಲಿನ ಕಾಲೇಜು ಕ್ರೀಡಾ ಸಂಘಕ್ಕೆ ಎನ್.ಸಿ.ಎ.ಎ. ಅಂತಾರೆ. ಅದು ಹುಡುಗರಿಗೆ 1938ರಲ್ಲೇ ಜಿಮ್ನಾಸ್ಟಿಕ್ಸ್ ಚಾಂಪಿಯನ್‌ಶಿಪ್ ನಡೆಸಿತು. ಹುಡುಗಿಯರಿಗೆ ನಡೆಸಿದ್ದು 1982ರಲ್ಲಿ. 44 ವರ್ಷ ತಡ! (ಅದಕ್ಕೂ ಮುಂಚೆ ಹುಡುಗಿಯರ ಪಂದ್ಯಗಳನ್ನು ಬೇರೆ ಒಂದು ಸಂಘ ನಡೆಸುತ್ತಿತ್ತು.) ಆ ವರ್ಷ ಗೆದ್ದದ್ದು ಯೂಟಾ ವಿಶ್ವವಿದ್ಯಾಲಯ.

ಈ ಬದಲಾವಣೆ ತಾನಾಗಿ ಆಗಲಿಲ್ಲ. 1972ರಲ್ಲಿ ಅಲ್ಲಿ ಒಂದು ಕಾನೂನು ಬಂತು. ಸರ್ಕಾರದ ಹಣ ಪಡೆಯುವ ಯಾವ ಶಾಲೆ ಕಾಲೇಜೂ ಹೆಣ್ಣು ಗಂಡು ಅಂತ ಭೇದ ಮಾಡಬಾರದು ಅಂತ. ಪಾಠಕ್ಕೆ ಮಾತ್ರ ಅಲ್ಲ, ಆಟಕ್ಕೂ ಅದು ಅನ್ವಯಿಸಿತು. ಹುಡುಗಿಯರಿಗೂ ತಂಡ, ತರಬೇತುದಾರರು, ಸ್ಕಾಲರ್‌ಶಿಪ್ ಎಲ್ಲಾ ಬರತೊಡಗಿದವು.

ಈಗ ಅಂಕದ ವಿಷಯ. ನನಗೆ ತುಂಬಾ ಹಿಡಿಸಿದ್ದು ಇದೇ. ಪ್ರತಿ ವಿಭಾಗದಲ್ಲೂ ತಂಡದ ಆರು ಜನ ಆಡುತ್ತಾರೆ, ಒಬ್ಬೊಬ್ಬರಿಗೂ 10ಕ್ಕೆ ಅಂಕ. ಆದರೆ ಕೂಡುವಾಗ ಐದು ಜನರದ್ದು ಮಾತ್ರ, ಎಲ್ಲಕ್ಕಿಂತ ಕಡಿಮೆ ಬಂದದ್ದನ್ನು ಬಿಡುತ್ತಾರೆ. ನಾನೇ ಒಂದು ಲೆಕ್ಕ ಹಾಕಿದೆ. ಐದು ಜನಕ್ಕೆ 9.80, 9.90, 9.75, 9.85, 9.90 ಬಂತು ಅಂತಿಟ್ಟುಕೊಳ್ಳಿ. ಆರನೆಯವಳು ತೊಲೆಯಿಂದ ಬಿದ್ದಳು. ಬಿದ್ದರೆ ಅರ್ಧ ಅಂಕ ಹೋಗುತ್ತೆ, ಅವಳಿಗೆ 9.20. ಅದನ್ನು ಬಿಟ್ಟು ಕೂಡಿದರೆ 49.20. ಅಂದರೆ ಅವಳು ಬಿದ್ದದ್ದರಿಂದ ತಂಡ ಮುಳುಗಲಿಲ್ಲ. ಆದರೆ ಇನ್ನೊಬ್ಬಳು ಬಿದ್ದರೆ ಆ ಅಂಕ ತಗೊಳ್ಳಲೇಬೇಕು. ನಾಲ್ಕು ವಿಭಾಗಕ್ಕೆ ಒಟ್ಟು 200. 2025ರಲ್ಲಿ ಗೆದ್ದ ಓಕ್ಲಹೋಮ ವಿಶ್ವವಿದ್ಯಾಲಯಕ್ಕೆ 198.0125 ಬಂತು. ಇಪ್ಪತ್ತು ಕಸರತ್ತಿನ ಅಂಕ ಸೇರಿಸಿದರೂ ಕಳೆದುಕೊಂಡದ್ದು ಎರಡಕ್ಕಿಂತ ಕಡಿಮೆ. ನಮ್ಮ ಗಣಿತದ ಪೇಪರ್ ನೆನಪಾಯಿತು.

ನಮ್ಮ ದೇಶದಲ್ಲಿ? ಒಲಿಂಪಿಕ್ಸ್‌ಗೆ ಹೋದ ಮೊದಲ ಭಾರತೀಯ ಮಹಿಳಾ ಜಿಮ್ನಾಸ್ಟ್ ತ್ರಿಪುರಾದ ದೀಪಾ ಕರ್ಮಾಕರ್. ಅವರದ್ದು ಹುಟ್ಟಿನಿಂದ ಚಪ್ಪಟೆ ಪಾದ, ಈ ಆಟಕ್ಕೆ ಅದು ದೊಡ್ಡ ತೊಡಕು. ಆದರೂ 2016ರ ರಿಯೋ ಒಲಿಂಪಿಕ್ಸ್‌ನ ವಾಲ್ಟ್‌ನಲ್ಲಿ 15.066 ಅಂಕ ಪಡೆದು ನಾಲ್ಕನೆಯವರಾದರು. ಮೂರನೆಯವರಿಗೆ 15.216. ಕಂಚು ತಪ್ಪಿದ್ದು 0.150ರಲ್ಲಿ.

ಕಾಲೇಜು ಮಟ್ಟದಲ್ಲಿ ಭಾರತೀಯ ವಿಶ್ವವಿದ್ಯಾಲಯಗಳ ಸಂಘ ನಡೆಸುವ ಅಂತರ ವಿಶ್ವವಿದ್ಯಾಲಯ ಪಂದ್ಯಗಳಲ್ಲಿ ಮಹಿಳೆಯರ ಜಿಮ್ನಾಸ್ಟಿಕ್ಸ್ ಇದೆ. ಆದರೆ 2022ರ ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಬೆಂಗಳೂರಿನಲ್ಲೇ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ನಡೆದಾಗ ಇದ್ದ 20 ಆಟಗಳಲ್ಲಿ ಜಿಮ್ನಾಸ್ಟಿಕ್ಸ್ ಇರಲಿಲ್ಲ. ಅದರ ಅಕ್ಕತಂಗಿಯರಂಥ ಮಲ್ಲಕಂಬ, ಯೋಗಾಸನ ಇದ್ದವು. ಜಿಮ್ನಾಸ್ಟಿಕ್ಸ್ ಕೂಡ ಇರಬೇಕಾಗಿತ್ತು ಅಂತ ನನ್ನ ಅಭಿಪ್ರಾಯ.

ತಿಪಟೂರಿನ ಡಿಗ್ರಿ ಕಾಲೇಜಿನ ಹುಡುಗಿ ಇಂಥ ಪಂದ್ಯಕ್ಕೆ ಹೋಗಬೇಕಾದರೆ ಮೊದಲು ತುಮಕೂರು ವಿಶ್ವವಿದ್ಯಾಲಯದ ತಂಡಕ್ಕೆ ಸೇರಬೇಕು. ಅದಕ್ಕೆ ದಿನಾ ಸಂಜೆ ಅಭ್ಯಾಸ ಬೇಕು. ನಮ್ಮ ಬೀದಿಯ ಅಕ್ಕ ಒಬ್ಬರು ಹತ್ತನೇ ಕ್ಲಾಸಿನವರೆಗೂ ಖೋ ಖೋದಲ್ಲಿ ಯಾರ ಕೈಗೂ ಸಿಗುತ್ತಿರಲಿಲ್ಲ. ಈಗ ಕಾಲೇಜಿಗೆ ಹೋಗುತ್ತಾರೆ, ಆಟ ಬಿಟ್ಟಿದ್ದಾರೆ. "ಯಾಕಕ್ಕ?" ಅಂತ ಕೇಳಿದೆ. "ಆಟಕ್ಕೆ ನಿಂತರೆ ಬಸ್ಸು ಹೋಗುತ್ತೆ ಕಣೇ. ಕತ್ತಲಾದ ಮೇಲೆ ಬಂದರೆ ಅಪ್ಪ ಕಾಲೇಜೇ ಬಿಡಿಸ್ತಾರೆ" ಅಂದರು. ನಾನು ಈ ಆರು ಜನ ಐದು ಜನರ ಲೆಕ್ಕ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಿದ್ದವಳನ್ನೂ ತಂಡದಲ್ಲೇ ಇಟ್ಟುಕೊಳ್ತಾರಾ?" ಅಂತ ಕೇಳಿದರು. ಹೂಂ, ಇಟ್ಟುಕೊಳ್ತಾರೆ.

ಶನಿವಾರ ಡ್ರಿಲ್ ಆದ ಮೇಲೆ ಧ್ವಜಸ್ತಂಭದ ಪಕ್ಕ ಸುಣ್ಣದಲ್ಲಿ 5 ಮೀಟರ್ ಉದ್ದ, 10 ಸೆಂ.ಮೀ. ಅಗಲದ ಪಟ್ಟೆ ಎಳೆಯುತ್ತೇವೆ. ನೆಲದ ಮೇಲೇ ಆದ್ದರಿಂದ ಬೀಳುವ ಭಯ ಇಲ್ಲ. ಪಿ.ಟಿ. ಮೇಷ್ಟ್ರು ಒಪ್ಪಿದ್ದಾರೆ. ಅಂಕ ಹಾಕಲು ಅಕ್ಕ ಬರ್ತೀನಿ ಅಂದಿದ್ದಾರೆ. ಆರು ಹುಡುಗಿಯರು ಬೇಕು, ಇಲ್ಲಿಯವರೆಗೆ ನಾಲ್ಕು ಜನ ಹೆಸರು ಕೊಟ್ಟಿದ್ದಾರೆ.