ಪಟ್ಟಿ ಕಟ್ಟಿದವರದೇ ಮನೆಯೇ?

ಪ್ರಶ್ನೆ: ಇಳಕಲ್‌ನಲ್ಲಿ ನಮ್ಮ ಹಳೆಯ ಮನೆ. ಅಪ್ಪ ತೀರಿಕೊಂಡು ಮೂರು ವರ್ಷ. ಉತಾರದಲ್ಲಿ ಇನ್ನೂ ಅವರದೇ ಹೆಸರು. ಅವ್ವ, ನಾನು ಅಲ್ಲೇ ಇದ್ದೇವೆ, ಮಗ್ಗವೂ ಅಲ್ಲೇ. ಅಣ್ಣ ಬಾಗಲಕೋಟೆಯ ನವನಗರದಲ್ಲಿ. ಅಕ್ಕನನ್ನು ಬಾದಾಮಿಗೆ ಕೊಟ್ಟಿದೆ. ಮನೆಪಟ್ಟಿ ಕಟ್ಟಲು ಹೊರಟರೆ ಅಣ್ಣ, "ನೀ ಕಟ್ಟಬ್ಯಾಡ, ಪಟ್ಟಿ ಕಟ್ಟಿದವ್ರದ ಮನಿ ಆಗತೈತಿ" ಅನ್ನುತ್ತಾನೆ. ಅವನು ಕಟ್ಟಿದರೆ ನನಗೂ ಅದೇ ಅಂಜಿಕೆ. ಮುಂದಿನ ಖೋಲಿ ಕಿರಾಣಿ ಅಂಗಡಿಗೆ ಬಾಡಿಗೆ ಹೋಗಿದೆ. ಏನು ಮಾಡಲಿ?

ಉತ್ತರ: ಅಣ್ಣ ತಮ್ಮ ಇಬ್ಬರೂ ಅಂಜಿ ಕುಳಿತಿರಿ, ಬಡ್ಡಿ ಮಾತ್ರ ಅಂಜದೆ ಬೆಳೆಯುತ್ತಿದೆ. ಮೊದಲು ಆ ಅಂಜಿಕೆ ತೆಗೆಯೋಣ. ಪಟ್ಟಿಯ ಪಾವತಿ ಹಕ್ಕುಪತ್ರವಲ್ಲ. ಖಾತೆಯಲ್ಲಿ ಹೆಸರಿದ್ದ ಮಾತ್ರಕ್ಕೂ ಒಡೆತನ ಬರುವುದಿಲ್ಲ. ಕೋರ್ಟುಗಳು ಇದನ್ನು ಎಷ್ಟೋ ಸಲ ಹೇಳಿವೆ. ಈ ವರ್ಷ ನೀವೇ ಕಟ್ಟಿದರೂ ಅಣ್ಣನ ಪಾಲು ಒಂದಿಂಚೂ ಸವೆಯುವುದಿಲ್ಲ. ಇದನ್ನು ಅವರಿಗೆ ಓದಿ ಹೇಳಿ. ಮುಳುಗಡೆಯವರು ಬಂದು ನೆಲೆಸಿದ ನವನಗರಕ್ಕೆ ಕಾಗದದ ಬೆಲೆ ಬಿಡಿಸಿ ಹೇಳಬೇಕಿಲ್ಲ. ಮುಳುಗಡೆ ಪರಿಹಾರದ ದಿನಗಳಲ್ಲಿ ಹೆಸರಿನ ತಕರಾರು ಎಷ್ಟು ಮನೆಗಳನ್ನು ಒಡೆಯಿತೆಂದು ಅಲ್ಲಿನ ಹಿರಿಯರನ್ನು ಕೇಳಿದರೆ ಸಾಕು.

ಇನ್ನು ಲೆಕ್ಕ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ. ಜೂನ್ ಮುಗಿಯುವವರೆಗೆ ದಂಡವಿಲ್ಲ. ಜುಲೈಯಿಂದ ತಿಂಗಳಿಗೆ ಶೇ 2. ನಮ್ಮ ಕಡೆ ಸಾಹುಕಾರರು "ನೂರಕ್ಕ ಎರಡು" ಅನ್ನುತ್ತಾರಲ್ಲ, ಅದೇ ದರ! ವರ್ಷದ ಪಟ್ಟಿ 2,000 ರೂಪಾಯಿ ಎಂದಿಟ್ಟುಕೊಂಡರೆ ತಿಂಗಳಿಗೆ 40, ವರ್ಷಕ್ಕೆ 480. ಅಪ್ಪ ಹೋದಾಗಿನಿಂದ ಕಟ್ಟಿಲ್ಲವಾದರೆ ಮೂರು ವರ್ಷದ ಬಾಕಿ, ಮೂರೂ ಒಟ್ಟಿಗೆ ದುಡಿಯುತ್ತಿವೆ. ಹೀಗೇ ಬಿಟ್ಟರೆ ನಗರಸಭೆ ತಗಾದೆ ನೋಟಿಸು ಕೊಟ್ಟು ಜಪ್ತಿಗೂ ಬರಬಹುದು. ಹುನಗುಂದ, ಬಾದಾಮಿಯ ಪುರಸಭೆಗಳಿಗೂ ಇದೇ ಕಾನೂನು.

ಚಲನ್ ಕೈಗೆ ಬಂದಾಗ ಮೊತ್ತವೊಂದನ್ನೇ ನೋಡಿ ಮಡಚಬೇಡಿ. ಇದು ಸ್ವಯಂ ಘೋಷಣೆಯ ಪದ್ಧತಿ: ನಿವೇಶನದ ಅಳತೆ, ಕಟ್ಟಡದ ಅಳತೆ, ಅದರ ವಯಸ್ಸು, ಬಳಕೆ ಇವನ್ನೆಲ್ಲ ತುಂಬುವವರು ನೀವು. ಹಳೆಯ ಮನೆಗೆ ಸವಕಳಿಯ ಕಡಿತವುಂಟು. ವಯಸ್ಸು ತಪ್ಪಾಗಿದ್ದರೆ ಆ ಕಡಿತ ಕೈತಪ್ಪುತ್ತದೆ. ತೆರಿಗೆಯ ಮೇಲೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3 ಸೇರಿರುತ್ತವೆ. (ಗ್ರಂಥಾಲಯಕ್ಕೆ ದುಡ್ಡು ಕೊಟ್ಟೂ ಒಳಗೆ ಕಾಲಿಡದವರೇ ನಾವು ಹೆಚ್ಚು.) ನೀರಿನ ಪಟ್ಟಿ ಬೇರೆ.

ಕಿರಾಣಿ ಅಂಗಡಿಯ ಖೋಲಿಯನ್ನು ವಾಣಿಜ್ಯ ಬಳಕೆ ಎಂದೇ ಬರೆಯಿರಿ. ಅದಕ್ಕೆ ದರ ಹೆಚ್ಚು, ನಿಜ. ಆದರೆ ಬೀದಿಗೆ ಬಾಗಿಲು ತೆರೆದ ಅಂಗಡಿಯನ್ನು ವಾಸದ ಕೋಣೆ ಎಂದು ಎಷ್ಟು ದಿನ ತೋರಿಸುತ್ತೀರಿ? ಹೆಚ್ಚಿನ ಹೊರೆಯನ್ನು ಬಾಡಿಗೆಯಲ್ಲೇ ತೆಗೆಯಿರಿ.

ಬಾಕಿ ತೀರಿದ ಮೇಲೆ ವಾರಸಾ ಅರ್ಜಿ. ಅಪ್ಪನ ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಪಟ್ಟಿಯ ರಸೀದಿ ಜೋಡಿಸಿ ನಗರಸಭೆಗೆ ಕೊಡಿ. ನಿಮ್ಮ ಓಣಿ ಸಿಟಿ ಸರ್ವೆಗೆ ಒಳಪಟ್ಟಿದ್ದರೆ ಸಿಟಿಎಸ್ ಉತಾರದಲ್ಲೂ ಹೆಸರು ಬದಲಾಗಬೇಕು. ಒಂದು ಕಡೆ ಆದರೆ ಇನ್ನೊಂದು ತಾನಾಗಿ ಆಗುವುದಿಲ್ಲ. ಮುಂದೆ ಪಾಲು ಹಂಚಿಕೊಂಡು ವಾಟ್ಣಿಪತ್ರ ನೋಂದಣಿ ಮಾಡಿಸುವುದಾದರೆ ಇ-ಖಾತಾ ಕೇಳುತ್ತಾರೆ, ಅದನ್ನೂ ಈಗಲೇ ಮಾಡಿಸಿಕೊಳ್ಳಿ.

ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ಬೇರೆಯೇ. ಅಣ್ಣನ ಭಯ ಬರೆದಿರಿ, ನಿಮ್ಮ ಭಯ ಬರೆದಿರಿ. ಅಕ್ಕನದು "ಬಾದಾಮಿಗೆ ಕೊಟ್ಟಿದೆ" ಎಂಬಲ್ಲಿಗೆ ಮುಗಿಯಿತು. ಅಪ್ಪ ಮೃತ್ಯುಪತ್ರ ಬರೆಯದೆ ಹೋಗಿದ್ದರೆ ಹಿಂದೂ ವಾರಸಾ ಕಾಯ್ದೆಯಂತೆ ಅವ್ವ, ಅಕ್ಕ ಇಬ್ಬರೂ ನಿಮ್ಮಂತೆಯೇ ವಾರಸುದಾರರು. ಅರ್ಜಿಯಲ್ಲಿ ನಾಲ್ವರ ಹೆಸರೂ ಇರಲಿ. ನಗರಸಭೆಗೆ ಹೋಗುವ ಮುನ್ನ ಅಕ್ಕನಿಗೊಂದು ಫೋನ್ ಮಾಡಿ, ಸಹಿಗೆ ಯಾವತ್ತು ಬರುತ್ತೀ ಎಂದು ಕೇಳಿ.