ಮಾತ್ರೆ ನುಂಗಿದರೂ ರಕ್ತ ಏರುತ್ತಿಲ್ಲವೇ?

ಸಂಧಿವಾತ, ಮೂತ್ರಪಿಂಡದ ಕಾಯಿಲೆಯಂತಹ ದೀರ್ಘಕಾಲದ ರೋಗವಿರುವವರಿಗೆ ಕಬ್ಬಿಣದ ಮಾತ್ರೆ ನುಂಗಿದರೂ ರಕ್ತಹೀನತೆ ಹೋಗದಿರಬಹುದು. ಕಾರಣ, ಯಕೃತ್ತು ತಯಾರಿಸುವ ಹೆಪ್ಸಿಡಿನ್ ಎಂಬ ಹಾರ್ಮೋನು. ಉರಿಯೂತವಿದ್ದಾಗ ಇದು ಹೆಚ್ಚಿ, ಕರುಳಿನಿಂದಲೂ ದೇಹದ ದಾಸ್ತಾನಿನಿಂದಲೂ ಕಬ್ಬಿಣ ರಕ್ತಕ್ಕೆ ಬರುವ ಬಾಗಿಲನ್ನು ಮುಚ್ಚುತ್ತದೆ.

ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್, ಈ ಹಾರ್ಮೋನಿನ ತಯಾರಿಕೆಯನ್ನು ತಗ್ಗಿಸುತ್ತದೆಂದು ಇಟಲಿಯ ವಿಜ್ಞಾನಿಗಳು 2011ರಲ್ಲಿ ತೋರಿಸಿದರು. ಹಾರ್ಮೋನು ತಯಾರಿಸಲು ಯಕೃತ್ತಿನ ಕೋಶಗಳಿಗೆ ಸೂಚನೆ ಕೊಡುವ ಪ್ರೋಟೀನನ್ನು ಅದು ತಡೆಹಿಡಿಯುತ್ತದೆ. ಆದರೆ ಹೆಪಾರಿನ್‌ನಿಂದ ರಕ್ತಸ್ರಾವದ ಅಪಾಯವಿದೆ. ಆದ್ದರಿಂದ ಆ ಗುಣವನ್ನು ತಗ್ಗಿಸಿ ಮಾರ್ಪಡಿಸಿದ ಹೆಪಾರಿನ್‌ಗಳನ್ನು ಯಕೃತ್ತಿನ ಕೋಶಗಳಲ್ಲೂ ಇಲಿಗಳಲ್ಲೂ ಪರೀಕ್ಷಿಸಿದರು. ಅಲ್ಲಿಯೂ ಹೆಪ್ಸಿಡಿನ್ ತಗ್ಗಿತು.

ಇದು ಪ್ರಯೋಗದ ಮಾತು, ಮನೆಮದ್ದಲ್ಲ. ಮಾತ್ರೆಯ ಪ್ರಮಾಣವನ್ನು ನೀವೇ ಹೆಚ್ಚಿಸಬೇಡಿ. ಫೆರಿಟಿನ್ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ.