ಸೊಟ್ಟಗೊರಳು

ಉಡುಪಿಯ ದಕ್ಷಿಣಕ್ಕೆ, ಹೊಳೆಗೂ ಕಡಲಿಗೂ ನಡುವೆ ಇರುವ ಮಟ್ಟು ಗ್ರಾಮವನ್ನು ಅಲ್ಲಿನ ಗುಳ್ಳಬದನೆಯಿಂದಾಗಿ ನಾವೆಲ್ಲರೂ ಬಲ್ಲೆವು. ಗುಳ್ಳದ ಬುಟ್ಟಿಯನ್ನು ತಲೆಯ ಮೇಲಿಟ್ಟು ಗದ್ದೆಯ ಹುಣಿಯಲ್ಲಿ ನಡೆಯಬೇಕಾದರೆ ಕೊರಳು ನೆಟ್ಟಗಿರಬೇಕು. ಬುಟ್ಟಿಯಿಲ್ಲದವರಿಗೂ ಹೊರೆ ತಪ್ಪಿದ್ದಲ್ಲ. ಬೆಳೆದ ಮನುಷ್ಯನ ತಲೆಯೇ 4-5 ಕಿಲೋಗ್ರಾಮ್ ತೂಗುತ್ತದೆ. ಎಡಬಲದ ಸ್ನಾಯುಗಳ ಎಳೆತ ಸಮವಾಗಿರುವವರೆಗೆ ಅದು ನೇರವಾಗಿ ನಿಲ್ಲುವುದು. ಸಮತೆ ತಪ್ಪಿದರೆ ತಲೆ ವಾಲಿ ಮುಖ ತಿರುಚಿಕೊಳ್ಳುವುದು. ವೈದ್ಯರು ಇದನ್ನು ‘ಟಾರ್ಟಿಕಾಲಿಸ್’ ಎನ್ನುತ್ತಾರೆ. ಇದು ಒಂದೇ ರೋಗದ ಹೆಸರಲ್ಲ. ಹಲವು ಕಾರಣಗಳಿಂದ ತೋರುವ ಲಕ್ಷಣದ ಹೆಸರು.

ಕನ್ನಡಿಯ ಮುಂದೆ ನಿಂತು ಮುಖವನ್ನು ಬಲಕ್ಕೆ ತಿರುಗಿಸಿರಿ. ಕೊರಳಿನ ಎಡಗಡೆಯಲ್ಲಿ ಹಗ್ಗದಂತಹ ಸ್ನಾಯುವೊಂದು ಉಬ್ಬಿ ಕಾಣುವುದು. ಕಿವಿಯ ಹಿಂದಿನ ಎಲುಬಿನಿಂದ ಹೊರಟು ಓರೆಯಾಗಿ ಇಳಿದು, ಎದೆಯ ನಡುವೆಲುಬಿಗೂ ಕೊರಳೆಲುಬಿಗೂ ಅಂಟಿಕೊಂಡಿರುವ ಸ್ನಾಯು ಅದು. ಓರೆಯಾಗಿರುವುದರಿಂದಲೇ ಅದಕ್ಕೆ ಎರಡು ಕೆಲಸ: ತಲೆಯನ್ನು ತನ್ನ ಕಡೆಗೆ ವಾಲಿಸುವುದು, ಮುಖವನ್ನು ಎದುರು ಕಡೆಗೆ ತಿರುಗಿಸುವುದು. ಆದುದರಿಂದ ಎಡ ಸ್ನಾಯು ಗಿಡ್ಡವಾದರೆ ಎಡಗಿವಿ ಹೆಗಲಿನತ್ತ ಬಾಗಿ, ಗದ್ದ ಬಲಕ್ಕೆ ಹೊರಳುವುದು. ಗದ್ದ ತಿರುಗಿದ ಕಡೆಯಲ್ಲಿಯೇ ದೋಷವಿದೆಯೆಂದು ಭಾವಿಸುವುದು ಸಹಜ, ಆದರೆ ಸರಿಯಲ್ಲ.

ಕೆಲವು ಕೂಸುಗಳಲ್ಲಿ ಈ ಸ್ನಾಯುವಿನ ಒಂದು ಭಾಗ ನಾರುಗಟ್ಟಿ ಗಿಡ್ಡವಾಗಿರುತ್ತದೆ. ಹುಟ್ಟಿದ ಕೆಲವು ವಾರಗಳಲ್ಲಿ ಅಲ್ಲಿ ಗಟ್ಟಿಯಾದ ಗಂಟೊಂದು ಕೈಗೆ ಸಿಗಬಹುದು. ಎಣ್ಣೆ ಹಚ್ಚಿ ಮೀಯಿಸುವ ಅಜ್ಜಿಯ ಬೆರಳಿಗೇ ಅದು ಮೊದಲು ತಿಳಿದೀತು. ತಿಳಿದೊಡನೆ ವೈದ್ಯರಿಗೆ ತೋರಿಸಬೇಕು. ಅಜ್ಜಿಯೇ ಕೊರಳನ್ನು ಎಳೆದು ತಿರುಗಿಸಕೂಡದು. ಮಟ್ಟುವಿನವರಿಗೆ 1953ರಲ್ಲಿ ಸ್ಥಾಪನೆಯಾದ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ದೂರವಲ್ಲ. ಮೊದಲ ತಿಂಗಳುಗಳಲ್ಲಿಯೇ ಕ್ರಮವರಿತು ಸ್ನಾಯುವನ್ನು ಮೆಲ್ಲಗೆ ನೀಳಗೊಳಿಸುವ ಅಂಗಸಾಧನೆಯನ್ನು ಆರಂಭಿಸಿದರೆ ಬಹುಪಾಲು ಮಕ್ಕಳಿಗೆ ಶಸ್ತ್ರಚಿಕಿತ್ಸೆಯೇ ಬೇಕಾಗದು. ಉದಾಸೀನ ಮಾಡಿದರೆ ಮೆತ್ತನೆಯ ತಲೆಬುರುಡೆ ಒಂದು ಬದಿಯಲ್ಲಿ ಚಪ್ಪಟೆಯಾಗಿ, ಮುಖದ ಎರಡು ಪಾರ್ಶ್ವಗಳು ಅಸಮವಾಗಿ ಬೆಳೆಯುವುವು.

ಎಲ್ಲ ಸೊಟ್ಟಗೊರಳಿಗೂ ಸ್ನಾಯುವೇ ಮೂಲವಲ್ಲ. ಕಣ್ಣುಗುಡ್ಡೆಯನ್ನು ಹೊರಳಿಸುವ ಸ್ನಾಯು ಸೋತಾಗ, ಒಂದು ವಸ್ತು ಎರಡಾಗಿ ಕಾಣದಿರಲೆಂದು ಮಗು ತಲೆಯನ್ನು ವಾಲಿಸುವುದುಂಟು. ಒಂದು ಕಣ್ಣನ್ನು ಮುಚ್ಚಿದರೆ ಅಂತಹ ತಲೆ ಎಷ್ಟೋ ಸಲ ನೆಟ್ಟಗಾಗುತ್ತದೆ! ಇನ್ನೊಂದು ಕಾರಣ ಅಪಾಯದ್ದು. ಗಂಟಲಿನ ಸೋಂಕಿನ ಬಳಿಕ ಕೊರಳಿನ ಮೊದಲೆರಡು ಎಲುಬುಗಳ ಕಟ್ಟು ಸಡಿಲಗೊಂಡು, ಮಗುವಿನ ಕೊರಳು ಹಠಾತ್ತಾಗಿ ತಿರುಚಿಕೊಳ್ಳಬಹುದು. ಆ ಎಲುಬುಗಳೊಳಗೆ ಮೆದುಳುಬಳ್ಳಿ ಹಾದುಹೋಗುತ್ತದೆ. ‘ಉಳುಕು ತೆಗೆಯುವೆ’ನೆಂದು ಅಂತಹ ಕೊರಳನ್ನು ಲಟಕ್ಕೆನಿಸಿದರೆ ಕೈಕಾಲುಗಳ ಬಲವೇ ಹೋದೀತು, ಪ್ರಾಣವೂ ಹೋದೀತು.

ವಯಸ್ಕರಲ್ಲಿ ಮೆದುಳಿನ ಚಲನನಿಯಂತ್ರಣ ಕೆಟ್ಟು ಕೊರಳು ತಾನಾಗಿಯೇ ತಿರುಗತೊಡಗುವುದುಂಟು. ಅವರಲ್ಲಿ ಅನೇಕರಿಗೆ ಗದ್ದವನ್ನು ಬೆರಳಿನಿಂದ ಮುಟ್ಟಿದ ಮಾತ್ರಕ್ಕೆ ತಲೆ ಸ್ವಲ್ಪ ಹೊತ್ತು ನೇರವಾಗುತ್ತದೆ. ಇದನ್ನು ನಟನೆಯೆಂದು ತಿಳಿಯಬಾರದು. ಕೆಟ್ಟ ಆಹಾರದಲ್ಲಿ ಬೆಳೆದು ಮನುಷ್ಯನನ್ನು ಕೊಲ್ಲಬಲ್ಲ ಬಾಟುಲಿನಮ್ ವಿಷವೇ ಇವರಿಗೆ ಔಷಧ. ಅತ್ಯಲ್ಪ ಪ್ರಮಾಣದಲ್ಲಿ ಚುಚ್ಚಿದರೆ ಬಿಗಿದ ಸ್ನಾಯು ಸಡಿಲಗೊಳ್ಳುವುದು. ಸುಮಾರು 3 ತಿಂಗಳಲ್ಲಿ ನರಗಳು ಮತ್ತೆ ಚೇತರಿಸಿಕೊಳ್ಳುವುದರಿಂದ ಸೂಜಿಮದ್ದನ್ನು ಪುನಃ ಕೊಡಬೇಕಾಗುತ್ತದೆ.